ಬಡಿಗನ ಮನೆಯ ಕಾಣದ ಧೂಳು

ಬಸವಕಲ್ಯಾಣದ ಸಮೀಪದ ಮೋರಖಂಡಿಯಲ್ಲಿ ನನ್ನ ಅಕ್ಕನ ಮನೆ. ಭಾವನವರದು ತಲೆತಲಾಂತರದಿಂದ ಬಡಿಗತನ ನಡೆಸಿಕೊಂಡು ಬಂದ ಮನೆತನ. ಬೀದಿಗೆ ಮುಖಮಾಡಿದ ಪಡಸಾಲೆಯೇ ಅವರ ಕಾರ್ಯಾಗಾರ. ಅದರ ಹಿಂದಿನ ನಡುಮನೆಯಲ್ಲಿ ಸಂಸಾರ. ಅದರಾಚೆಗೆ ಅಡುಗೆಯ ಮನೆ. ಮೂರರ ನಡುವೆಯೂ ಬಾಗಿಲುಗಳುಂಟು. ಆದರೆ ಹಗಲು ಹೊತ್ತಿನಲ್ಲಿ ಅವುಗಳನ್ನು ಮುಚ್ಚುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

ಕೆಲವು ವರ್ಷಗಳ ಹಿಂದೆ, ಬೇಸಗೆಯ ಒಂದು ಬೆಳಿಗ್ಗೆ, ನಾನು ಆ ನಡುಮನೆಯಲ್ಲಿ ಕುಳಿತಿದ್ದೆ. ಭಾವನವರು ಯಂತ್ರ ನಿಲ್ಲಿಸಿ ಚಹಕ್ಕೆಂದು ಒಳಗೆ ಬಂದು ಅರ್ಧ ಗಂಟೆಯೇ ಕಳೆದಿತ್ತು. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಿನ ಕೋಲೊಂದು ಓರೆಯಾಗಿ ಇಳಿದಿತ್ತು. ಅದರೊಳಗೆ ಲೆಕ್ಕವಿಲ್ಲದಷ್ಟು ಹೊಂಬಣ್ಣದ ಕಣಗಳು, ಕೆಳಗಿಳಿಯುವ ಆತುರವೇ ಇಲ್ಲದೆ, ಈಜಾಡುತ್ತಿದ್ದವು. ಅಕ್ಕ ರೊಟ್ಟಿಯ ಬುಟ್ಟಿಯ ಮೇಲೆ ಬಟ್ಟೆ ಹೊದಿಸುತ್ತ ಅಂದಳು:

“ದಿನಾ ನಾಕ್ ಸಲ ಕಸಾ ಹೊಡೀತೀನಿ ತಮ್ಮಾ. ಹೊಡದಷ್ಟೂ ಮತ್ತ ಅಷ್ಟೇ ಇರ್ತದ ನೋಡು.”

ಭಾವನವರು ಒಂದರ ಮೇಲೊಂದರಂತೆ ಏಳೆಂಟು ಸಲ ಸೀನಿದರು. ಕಣ್ಣೊರೆಸಿಕೊಂಡು, “ಥಂಡಿ ಹಿಡದದ” ಎಂದರು. ಬೀದರ ಸೀಮೆಯ ಬೇಸಗೆಯಲ್ಲಿ ಥಂಡಿ! ಅಕ್ಕ ಸುಮ್ಮನಿರಲಿಲ್ಲ.

“ಎಂಥಾ ಥಂಡಿ? ಹುಮನಾಬಾದ ಜಾತ್ರಿಗೆ ಹೋಗಿ ನಾಕ್ ದಿನಾ ಇದ್ವಿ. ಪುಷ್ಯ ಮಾಸದ ಚಳಿ. ಅಲ್ಲಿ ಇವರಿಗೆ ಒಂದ್ ಸೀನಾದ್ರೂ ಬಂತೇನು ಕೇಳು.”

ವೈದ್ಯಶಾಸ್ತ್ರ ಓದದ ಅಕ್ಕ ಅಂದು ಹೇಳಿದ ಮಾತು ವೈದ್ಯಶಾಸ್ತ್ರಕ್ಕೆ ಸಮ್ಮತವಾದದ್ದು. ಕೆಲಸದ ದಿನಗಳಲ್ಲಿ ಹೆಚ್ಚಿ, ರಜೆಯ ದಿನಗಳಲ್ಲಿ ಇಳಿಯುವ ಸೀನು, ಕೆಮ್ಮು, ಉಬ್ಬಸಗಳಿಗೆ ಕಾರಣವನ್ನು ಕೆಲಸದಲ್ಲಿಯೇ ಹುಡುಕಬೇಕೆಂಬುದು ವೈದ್ಯರು ಒಪ್ಪಿದ ಸೂತ್ರ. 1700ರಲ್ಲಿ ಕಸುಬಿನ ರೋಗಗಳನ್ನು ಕುರಿತು ಗ್ರಂಥ ಬರೆದ ಇಟಲಿಯ ವೈದ್ಯ ಬರ್ನಾರ್ದಿನೊ ರಾಮಾಜಿನಿ, ರೋಗಿಯನ್ನು ಕೇಳಲೇಬೇಕಾದ ಪ್ರಶ್ನೆಗಳಿಗೆ ಇನ್ನೊಂದನ್ನು ಸೇರಿಸಿದನು: ನಿನ್ನ ಕಸುಬೇನು?

ಆ ಮನೆಯಲ್ಲಿ ಪ್ರಶ್ನೆ ಸೀನಿನದಷ್ಟೇ ಆಗಿರಲಿಲ್ಲ. ಅಕ್ಕನ ಹಿರಿಯ ಮಗ ಆಗತಾನೆ ಪಿ.ಯು.ಸಿ. ಮುಗಿಸಿದ್ದ. ಹುಡುಗನ ಕೈ ತಂದೆಯ ಕೈಯಂತೆ ಹದವಾದದ್ದು. ಅವನಿಗೆ ಮನಸ್ಸಿದ್ದದ್ದೂ ಅದೇ ಕಸುಬಿನಲ್ಲಿ. ಅಕ್ಕ ಮಾತ್ರ ಬೇಡವೆಂದು ಹಟ ಹಿಡಿದಿದ್ದಳು. ಗಂಡನ ಎದೆಯಲ್ಲಿ ರಾತ್ರಿ ಸುಂಯ್‌ಗುಟ್ಟುವ ಸದ್ದನ್ನು ಕೇಳುತ್ತ ಮಲಗುವವಳು ಅವಳು.

ಬಾಚಿಯ ಕಾಲ, ಯಂತ್ರದ ಕಾಲ

ಕಲ್ಯಾಣದ ನೆಲಕ್ಕೆ ಬಡಿಗತನ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಪ್ಪನೆಂಬ ವಚನಕಾರನಿದ್ದಾನೆ. ಬಾಚಿ ಹಿಡಿದು ಮರ ಕೆತ್ತುವುದೇ ಅವನ ಕಾಯಕ. ಸೌದೆಯ ಹೊರೆ ಮಾರಿ ಬದುಕಿದನೆಂದು ಪ್ರಸಿದ್ಧನಾದ ಮೋಳಿಗೆಯ ಮಾರಯ್ಯನೂ ಆ ಕಾಲದವನೇ.

ಬಾಚಿಯ ಪೆಟ್ಟಿಗೆ ಸಿಡಿಯುವುದು ಬೆರಳುದ್ದದ ಚಕ್ಕೆ. ಕೀಸುಳಿಯಿಂದ, ಎಂದರೆ ಮರಾಠಿ ಉರ್ದುಗಳ ನೆರೆಯಲ್ಲಿ ರಂಧಾ ಎಂದು ಕರೆಯುವ ಸಾಧನದಿಂದ, ಬರುವುದು ಸುರುಳಿ ಸುರುಳಿಯಾದ ಸಿಪ್ಪೆ. ಎರಡೂ ಬಿದ್ದ ಜಾಗದಲ್ಲಿಯೇ ಬಿದ್ದಿರುತ್ತವೆ. ಕೈಗರಗಸದ ಹೊಟ್ಟು ಸಹ ಬಹುಪಾಲು ದಪ್ಪನಾದದ್ದು. ಕಾಲ ಬುಡದಲ್ಲಿ ರಾಶಿಯಾಗುತ್ತದೆ. ಹಿಂದಿನವರಿಗೆ ಧೂಳಿನ ಬಾಧೆಯೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಆದರೆ ಅವರ ಕೈಯ ವೇಗಕ್ಕೆ ಒಂದು ಮಿತಿಯಿತ್ತು.

ಇಂದು ಪಡಸಾಲೆಯಲ್ಲಿ ನಿಂತಿರುವ ಚಕ್ರಗರಗಸ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಮರಳುಕಾಗದ ತೊಟ್ಟ ಉಜ್ಜುವ ಯಂತ್ರವಂತೂ ಮರವನ್ನು ಕತ್ತರಿಸುವುದಿಲ್ಲ, ಅರೆಯುತ್ತದೆ. ಆ ಹಿಟ್ಟು ಬೀಳುವುದಿಲ್ಲ; ಏಳುತ್ತದೆ. ಚನ್ನಪಟ್ಟಣದಲ್ಲಿ ಹಾಲೆ ಮರದ ಬೊಂಬೆಗಳನ್ನು ಕಡೆಯುವ ಮನೆಗಳಲ್ಲಿಯೂ, ಮೈಸೂರಿನಲ್ಲಿ ಬೀಟೆಯ ಹಲಗೆಗೆ ಬಣ್ಣಬಣ್ಣದ ಮರದ ಚೂರುಗಳನ್ನು ಕೂರಿಸುವ ಕುಸುರಿಯವರಲ್ಲಿಯೂ ವಿದ್ಯುತ್ತು ಕೆಲಸವನ್ನು ಹಗುರಗೊಳಿಸಿದೆ. ಅದರೊಡನೆ ಧೂಳೂ ಹಗುರವಾಗಿ ತೇಲತೊಡಗಿದೆ.

ಇದರೊಂದಿಗೆ ಮರದ ಜಾತಿಯೂ ಬದಲಾಯಿತು. ಪ್ಲೈವುಡ್ಡು ಮತ್ತು ಎಂ.ಡಿ.ಎಫ್. ಹಲಗೆಗಳಲ್ಲಿ ಮರದ ಜೊತೆಗೆ ಅಂಟು ಇರುತ್ತದೆ. ಸಾಮಾನ್ಯವಾಗಿ ಅದು ಫಾರ್ಮಾಲ್ಡಿಹೈಡಿನಿಂದ ತಯಾರಾದದ್ದು. ಎಂ.ಡಿ.ಎಫ್. ಎಂಬುದು ಮೊದಲೇ ನಾರು ನಾರಾಗಿ ಬಿಡಿಸಿ ಒತ್ತಿದ ವಸ್ತು. ಗರಗಸ ತಾಗಿದೊಡನೆ ಅದು ಮೈದಾಹಿಟ್ಟಿನಂತೆ ಹಾರುತ್ತದೆ.

ಮೂಗು ತಡೆಯಲಾರದ್ದು

ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನು; ಒಂದು ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಾವು ಗುಡಿಸಿ ತೆಗೆಯುವ ಹೊಟ್ಟಿನ ಕಣಗಳು ಕೂದಲಿಗಿಂತ ದಪ್ಪನಾದವು. ಅವು ಉಸಿರಿನೊಡನೆ ಬಂದರೂ ಮೂಗಿನ ರೋಮದಲ್ಲಿ, ಗಂಟಲಿನ ತೇವದಲ್ಲಿ ಸಿಕ್ಕಿಬೀಳುತ್ತವೆ. ಆದರೆ 10 ಮೈಕ್ರಾನಿಗಿಂತ ಸಣ್ಣ ಕಣ ಗಂಟಲು ದಾಟುತ್ತದೆ. 5 ಮೈಕ್ರಾನಿಗಿಂತ ಸಣ್ಣದು ಶ್ವಾಸಕೋಶದ ಆಳದ ಗಾಳಿಗೂಡುಗಳನ್ನೇ ತಲುಪಬಲ್ಲದು.

ಇಂಥ ಕಣಗಳು ನೆಲಕ್ಕಿಳಿಯುವ ಗತಿಯೂ ವಿಚಿತ್ರ. ಅಲುಗದ ಗಾಳಿಯಲ್ಲಿ ಆಳೆತ್ತರದಿಂದ ಇಳಿಯಲು 10 ಮೈಕ್ರಾನಿನ ಕಣಕ್ಕೆ ಎಂಟು ಹತ್ತು ನಿಮಿಷಗಳು ಬೇಕು. ಒಂದು ಮೈಕ್ರಾನಿನ ಕಣಕ್ಕೆ ಬೇಕಾದದ್ದು ಹತ್ತಾರು ನಿಮಿಷಗಳಲ್ಲ, ಸುಮಾರು ಅರ್ಧ ದಿನ! ಅಷ್ಟರಲ್ಲಿ ಯಾರಾದರೂ ಬಾಗಿಲು ತೆರೆಯುತ್ತಾರೆ, ಮಗು ಓಡಾಡುತ್ತದೆ, ಪೊರಕೆ ಆಡುತ್ತದೆ. ಕಣ ಮತ್ತೆ ಮೇಲೇರುತ್ತದೆ. ಅಕ್ಕನ ನಾಲ್ಕು ಸಲದ ಕಸಗುಡಿಕೆ ಏಕೆ ಮುಗಿಯುತ್ತಿರಲಿಲ್ಲವೆಂಬುದು ಈಗ ತಿಳಿಯಿತಷ್ಟೆ.

ಇದರಿಂದಾಗುವ ಕೇಡೇನು? ಸಾಗವಾನಿ ಮತ್ತು ಬೀಟೆಯ ಧೂಳು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ತುರಿಕೆ, ಕೆಂಪು, ಗುಳ್ಳೆ ಏಳುತ್ತವೆ. ಮೂಗು ಸದಾ ಸುರಿಯುವುದು, ಕಣ್ಣು ಉರಿಯುವುದು, ಎದೆ ಬಿಗಿಯುವುದು, ಕಡೆಗೆ ಉಬ್ಬಸ, ಇವು ಹೆಚ್ಚಾಗಿ ಕಾಣಬರುವ ತೊಂದರೆಗಳು. ಒಮ್ಮೆ ದೇಹ ಒಂದು ಮರದ ಧೂಳಿಗೆ ಮುನಿಯಿತೆಂದರೆ ಮುಂದೆ ಅತ್ಯಲ್ಪ ಧೂಳೂ ಉಬ್ಬಸವನ್ನು ಕೆರಳಿಸಬಲ್ಲದು.

ಇನ್ನೊಂದು ಘೋರವಾದ ರೋಗವೂ ಉಂಟು. ಇಂಗ್ಲೆಂಡಿನ ಹೈ ವಿಕೂಂ ಎಂಬ ಊರು ಕುರ್ಚಿಗಳ ತಯಾರಿಕೆಗೆ ಹೆಸರಾದದ್ದು. 1960ರ ದಶಕದಲ್ಲಿ ಅಲ್ಲಿನ ಕಿವಿ-ಮೂಗು-ಗಂಟಲಿನ ವೈದ್ಯೆ ಎಸ್ಮೆ ಹ್ಯಾಡ್‌ಫೀಲ್ಡ್ ಅವರಿಗೆ ಒಂದು ಸಂಗತಿ ಎದ್ದುಕಂಡಿತು: ಮೂಗಿನೊಳಗಿನ ಕ್ಯಾನ್ಸರು ಸಾಮಾನ್ಯವಾಗಿ ಅಪರೂಪದ್ದು, ಆದರೆ ಪೀಠೋಪಕರಣ ಮಾಡುವವರಲ್ಲಿ ಅದು ಮತ್ತೆ ಮತ್ತೆ ಕಾಣಿಸುತ್ತಿತ್ತು. ಡೊನಾಲ್ಡ್ ಅಚೆಸನ್ ಮೊದಲಾದವರೊಡನೆ ನಡೆಸಿದ ಪರಿಶೀಲನೆ 1968ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿ ಜಗತ್ತಿನ ಕಣ್ಣು ತೆರೆಸಿತು. 1995ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರನ್ನುಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿತು. ಓದುಗರು ಭಯಪಡಬೇಕಾಗಿಲ್ಲ, ಅದು ಬಹುವರ್ಷಗಳ ಕಾಲ ಬಹಳ ಧೂಳು ಕುಡಿದವರ ರೋಗ, ಅವರಲ್ಲಿಯೂ ವಿರಳ. ಆದರೆ ಬಡಿಗನ ಆಯುಷ್ಯವೆಲ್ಲ ಕಳೆಯುವುದು ಅದರಲ್ಲಿಯೇ ಅಲ್ಲವೆ?

ಎಷ್ಟು ಧೂಳು ಹೆಚ್ಚಾಯಿತು? ಬ್ರಿಟನ್ನಿನಲ್ಲಿ 2020ರಿಂದ ಗಟ್ಟಿಮರದ ಧೂಳಿಗೆ ವಿಧಿಸಿರುವ ಮಿತಿ, ಎಂಟು ಗಂಟೆಗಳ ಸರಾಸರಿಯಲ್ಲಿ, ಒಂದು ಘನಮೀಟರು ಗಾಳಿಗೆ 3 ಮಿಲಿಗ್ರಾಂ. ಹನ್ನೆರಡಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಗೆ ಲೆಕ್ಕ ಹಾಕಿದರೆ, ಇಡೀ ಕೋಣೆಯಲ್ಲಿ ತೇಲುವ ಧೂಳು ಒಂದು ಗ್ರಾಮಿನ ಹತ್ತನೆಯ ಒಂದು ಪಾಲು ದಾಟಕೂಡದು. ಒಂದು ಚಿಟಿಕೆ ಉಪ್ಪು ಅದಕ್ಕಿಂತ ಹೆಚ್ಚು ತೂಗುತ್ತದೆ!

ನಮ್ಮ ದೇಶದ 1948ರ ಕಾರ್ಖಾನೆಗಳ ಕಾಯಿದೆ ತನ್ನ 14ನೆಯ ಕಲಮಿನಲ್ಲಿ, ಧೂಳು ಹುಟ್ಟುವ ಜಾಗಕ್ಕೆ ಆದಷ್ಟು ಹತ್ತಿರದಲ್ಲಿಯೇ ಅದನ್ನು ಹೀರಿ ಹೊರಗೆಸೆಯಬೇಕೆಂದು ವಿಧಿಸಿತ್ತು. ಸೂತ್ರ ಬಹು ಸರಿಯಾದದ್ದು. ಆದರೆ ತಂದೆ ಮಗ ಇಬ್ಬರೇ ದುಡಿಯುವ ಪಡಸಾಲೆ ಕಾರ್ಖಾನೆಯಲ್ಲ. ಕಾಯಿದೆಯ ಕೈ ಅಲ್ಲಿಯವರೆಗೆ ಚಾಚಲಿಲ್ಲ. ಅಲ್ಲಿ ಮನೆಯವರೇ ಎಚ್ಚರಗೊಳ್ಳಬೇಕು.

ನಾವು ಮಾಡಿದ ತಪ್ಪುಗಳು

ನಾನು ಉತ್ಸಾಹದಿಂದ ಮುಂದಾದೆ. ಮೊದಲು ಎಡವಿದವನೂ ನಾನೇ. ಪಡಸಾಲೆಯ ಗೋಡೆಯ ನೆತ್ತಿಯಲ್ಲಿ ಗಾಳಿ ಹೊರದೂಡುವ ಪಂಖವೊಂದನ್ನು ಕೂರಿಸಿದೆವು. ಧೂಳು ಗರಗಸದಿಂದ ಹೊರಟು, ಭಾವನವರ ಮುಖದ ಮುಂದೆ ಹಾದು, ಪಂಖದ ಕಡೆಗೆ ಹೋಗತೊಡಗಿತು! ಹೋಗುವ ದಾರಿಯಲ್ಲಿ ಅವರ ಮೂಗಿತ್ತೆಂಬುದು ನಮಗೆ ಹೊಳೆದಿರಲಿಲ್ಲ.

ಆಮೇಲೆ ಮನೆಬಳಕೆಯ ಧೂಳು ಹೀರುವ ಯಂತ್ರವನ್ನು ತಂದೆ. ಅದು ಹೊಟ್ಟನ್ನೆಲ್ಲ ಚೊಕ್ಕಟವಾಗಿ ನುಂಗಿತು, ನೆಲ ಕನ್ನಡಿಯಂತಾಯಿತು. ಆದರೆ ಬಿಸಿಲಿನ ಕೋಲಿನಲ್ಲಿ ಕಣಗಳು ಮೊದಲಿಗಿಂತ ದಟ್ಟವಾಗಿ ಕಂಡವು. ಕಾರಣ ಸರಳ: ಅದರೊಳಗಿನ ಬಟ್ಟೆಯ ಚೀಲ ದಪ್ಪ ಹೊಟ್ಟನ್ನು ಹಿಡಿದಿಟ್ಟುಕೊಂಡು, ಅಪಾಯಕಾರಿಯಾದ ನಯವಾದ ಹಿಟ್ಟನ್ನು ಮಾತ್ರ ಜರಡಿ ಹಿಡಿದಂತೆ ಕೋಣೆಗೆ ಊದುತ್ತಿತ್ತು. ಚೀಲದ ನೇಯ್ಗೆ ಒರಟಾಗಿದ್ದರೆ ಧೂಳು ಹೀರುವ ಯಂತ್ರವೇ ಧೂಳು ಹರಡುವ ಯಂತ್ರವಾಗುತ್ತದೆ.

ಮೂರನೆಯ ಪಾಠ ಕಲಿಸಿದ್ದು ದೀಪ. ಮೇಣದಬತ್ತಿಯನ್ನು ಒಂದು ಮೊಳ ದೂರದಿಂದ ಊದಿ ಆರಿಸಬಲ್ಲಿರಿ. ಅಷ್ಟೇ ದೂರದಿಂದ ಉಸಿರು ಒಳಗೆಳೆದು ಆರಿಸಲು ಯತ್ನಿಸಿ ನೋಡಿ. ಜ್ವಾಲೆ ಅಲುಗುವುದೂ ಇಲ್ಲ. ಊದಿದ ಗಾಳಿ ಬಾಣದಂತೆ ನೇರ ಹೋಗುತ್ತದೆ. ಹೀರಿದ ಗಾಳಿ ಎಲ್ಲ ದಿಕ್ಕುಗಳಿಂದಲೂ ಬರುತ್ತದೆ. ಕೊಳವೆಯ ಬಾಯಿ ನಾಲ್ಕು ಅಂಗುಲ ಅಗಲವಿದ್ದರೆ, ಅದರಿಂದ ನಾಲ್ಕೇ ಅಂಗುಲ ದೂರದಲ್ಲಿ ಸೆಳೆತದ ವೇಗ ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿದುಹೋಗುತ್ತದೆ. ಆದ್ದರಿಂದ ಕೊಳವೆಯ ಬಾಯಿ ಧೂಳು ಹುಟ್ಟುವ ಜಾಗದಲ್ಲಿಯೇ ಇರಬೇಕು.

ಬೇಳೆಯ ಗಿರಣಿ ಕೊಟ್ಟ ಉಪಾಯ

ಕಲಬುರಗಿ ಸೀಮೆ ತೊಗರಿಯ ಕಣಜ. ಅಲ್ಲಿನ ಬೇಳೆಯ ಗಿರಣಿಗಳ ಬಳಿ ತಗಡಿನಿಂದ ಮಾಡಿದ, ತಲೆಕೆಳಗಾದ ಗೋಪುರದಂತಹ ಆಕಾರಗಳನ್ನು ನೋಡಿದವರುಂಟು. ಅದಕ್ಕೆ ಸೈಕ್ಲೋನ್ ಎಂದು ಹೆಸರು. ಅಮೆರಿಕದ ಜಾನ್ ಫಿಂಚ್ ಎಂಬವನು 1885ರಲ್ಲಿಯೇ ಅದರ ಹಕ್ಕುಪತ್ರ ಪಡೆದನು. ಧೂಳು ತುಂಬಿದ ಗಾಳಿ ಅದರ ಪಕ್ಕದಿಂದ ರಭಸವಾಗಿ ನುಗ್ಗಿ, ಸುಂಟರಗಾಳಿಯಂತೆ ಒಳಗೆ ಸುತ್ತುತ್ತದೆ. ಭಾರವಾದ ಹೊಟ್ಟು ಗೋಡೆಗೆ ಒತ್ತಿಕೊಂಡು ಜಾರಿ ಕೆಳಗಿನ ಡಬ್ಬಿಗೆ ಬೀಳುತ್ತದೆ. ಹಗುರವಾದ ಗಾಳಿ ನಡುವಿನ ಕೊಳವೆಯಿಂದ ಮೇಲಕ್ಕೆ ಹೊರಡುತ್ತದೆ. ಕಣದಲ್ಲಿ ರೈತ ಜೋಳ ತೂರುವಾಗ ಗಾಳಿ ಮಾಡುವ ಕೆಲಸವನ್ನು ಇಲ್ಲಿ ಸುತ್ತುವ ಗಾಳಿ ಮಾಡುತ್ತದೆ.

ಬಸವಕಲ್ಯಾಣದ ತಗಡಿನ ಕೆಲಸದವರೊಬ್ಬರಿಂದ ಅಂಥದೊಂದನ್ನು ಚಿಕ್ಕದಾಗಿ ಮಾಡಿಸಿದೆವು. ವ್ಯವಸ್ಥೆಯ ಕ್ರಮ ಹೀಗೆ: ಮೊದಲು ಗರಗಸ, ಅನಂತರ ಕೊಳವೆ, ಅನಂತರ ಸೈಕ್ಲೋನ್ ಮತ್ತು ಅದರ ಕೆಳಗೆ ಡಬ್ಬಿ, ಅದರಾಚೆಗೆ ಗಾಳಿ ಸೆಳೆಯುವ ಮೋಟಾರಿನ ಬ್ಲೋಅರ್, ಕಡೆಗೆ ಹೊರಗಿನ ಬಯಲು. ಬ್ಲೋಅರನ್ನು ಸೈಕ್ಲೋನಿನ ಬಳಿಕ ಇಟ್ಟದ್ದರಿಂದ ಮರದ ಚೂರುಗಳು ಅದರ ರೆಕ್ಕೆಗೆ ಬಡಿಯುವುದಿಲ್ಲ.

ಗರಗಸದ ಹಲ್ಲು ಮರವನ್ನು ಕೊಯ್ಯುತ್ತ ಮೇಜಿನ ಕೆಳಗಿಳಿಯುವಾಗ ಧೂಳಿನ ಬಹುಭಾಗವನ್ನು ತನ್ನೊಡನೆ ಒಯ್ಯುತ್ತದೆ. ಆದ್ದರಿಂದ ಮೇಜಿನ ಕೆಳಭಾಗವನ್ನು ಹಲಗೆಯಿಂದ ಪೆಟ್ಟಿಗೆಯಂತೆ ಮುಚ್ಚಿ, ಅದರ ತಳಕ್ಕೆ ನಾಲ್ಕಂಗುಲದ ಪಿ.ವಿ.ಸಿ. ಕೊಳವೆ ಜೋಡಿಸಿದೆವು. ಕೊಳವೆಯಲ್ಲಿ ಹೊಟ್ಟು ನಿಲ್ಲದೆ ಹರಿಯಬೇಕಾದರೆ ಗಾಳಿ ಸೆಕೆಂಡಿಗೆ ಸುಮಾರು 20 ಮೀಟರು ವೇಗದಲ್ಲಿ ಓಡಬೇಕು. ದಾರಿ ಉದ್ದವಾದಷ್ಟೂ, ಸೊಟ್ಟವಾದಷ್ಟೂ ವೇಗ ಕುಗ್ಗುತ್ತದೆ. ಒಮ್ಮೆಗೇ ಮೂಲೆ ತಿರುಗಿಸುವ ಬದಲು ಎರಡು ಮೃದುವಾದ ತಿರುವುಗಳನ್ನು ಕೊಡಬೇಕು. ಸುಕ್ಕುಸುಕ್ಕಾದ ಬಳ್ಳಿಕೊಳವೆಯನ್ನು ಎಷ್ಟು ಬೇಕೋ ಅಷ್ಟೇ ಬಳಸಬೇಕು.

ಕೈಯಲ್ಲಿ ಹಿಡಿದು ಉಜ್ಜುವ ಯಂತ್ರಕ್ಕೆ ಈ ದೊಡ್ಡ ಕೊಳವೆ ಒಗ್ಗದು. ಅದರ ಬಾಯಿ ಸಣ್ಣದು. ಸಣ್ಣ ದಾರಿಯಲ್ಲಿ ಗಾಳಿಯನ್ನು ಬಲವಾಗಿ ಎಳೆಯುವುದು ಮನೆಬಳಕೆಯ ಹೀರುವ ಯಂತ್ರಕ್ಕೇ ಸಾಧ್ಯ. ನಾನು ತಂದ ಯಂತ್ರ ಹೀಗೆ ಕಡೆಗೂ ಉಪಯೋಗಕ್ಕೆ ಬಂತು. ಆದರೆ ಅದಕ್ಕೆ ನಯವಾದ ಹೆಪಾ ಸೋಸುಕವನ್ನು ಹಾಕಿಸಿ, ನಡುವೆ ಮುಚ್ಚಳವಿರುವ ಗಟ್ಟಿ ಡಬ್ಬಿಯೊಂದನ್ನು ಇಟ್ಟೆವು. ಗಟ್ಟಿ ಎಂದೆನಷ್ಟೆ, ಮೊದಲು ಇಟ್ಟ ಬಣ್ಣದ ತೆಳು ಬಕೆಟು ಸೆಳೆತಕ್ಕೆ ಹಿಂಡಿದಂತೆ ಮುದುಡಿಹೋಗಿತ್ತು. ಡಬ್ಬಿಯ ಮುಚ್ಚಳದಲ್ಲಿ ಕೂದಲೆಳೆಯ ಸಂದಿದ್ದರೂ ಬಿದ್ದ ಹೊಟ್ಟು ಮತ್ತೆ ಮೇಲೇಳುತ್ತದೆಂಬುದನ್ನೂ ಕಲಿತೆವು.

ಚಳಿದೇಶಗಳಲ್ಲಿ ಬೆಚ್ಚಗಿನ ಗಾಳಿಯನ್ನು ಹೊರಗೆ ಬಿಡಲು ಜನ ಹಿಂಜರಿಯುತ್ತಾರೆ. ಆದ್ದರಿಂದ ಬೆಲೆಬಾಳುವ ಸೋಸುಕಗಳಲ್ಲಿ ಸೋಸಿ ಅದನ್ನೇ ಕೋಣೆಗೆ ಮರಳಿಸುತ್ತಾರೆ. ನಮಗೆ ಆ ಕಷ್ಟವಿಲ್ಲ. ಸೈಕ್ಲೋನಿನಿಂದ ತಪ್ಪಿಸಿಕೊಂಡ ನಯವಾದ ಹಿಟ್ಟನ್ನು ಗಾಳಿಯೊಡನೆ ಮನೆಯ ಹೊರಕ್ಕೇ ಕಳಿಸಬಹುದು. ಆದರೆ ಹೊರಬಾಯಿ ನೆರೆಯವರ ಕಿಟಕಿಯ ಕಡೆಗಾಗಲಿ, ಬಾವಿ ತೊಟ್ಟಿಗಳ ಕಡೆಗಾಗಲಿ ಇರಕೂಡದು. ಹೊರಹೋದಷ್ಟು ಗಾಳಿ ಒಳಬರಲು ಬೀದಿಯ ಕಡೆ ಕಿಟಕಿ ತೆರೆದಿರಬೇಕು. ಇಲ್ಲವಾದರೆ ಅಡುಗೆಮನೆಯ ಒಲೆಯ ಹೊಗೆ ಪಡಸಾಲೆಗೆ ಎಳೆದುಬಂದೀತು.

ವ್ಯವಸ್ಥೆ ಸರಿಯೋ ತಪ್ಪೋ ಎಂದು ನೋಡಲು ಉಪಕರಣಗಳೇನೂ ಬೇಕಿಲ್ಲ. ಮರ ಕೊಯ್ಯುವ ಮೊದಲು, ಹೊಟ್ಟನ್ನೆಲ್ಲ ಬಳಿದು ತೆಗೆದು, ಗರಗಸವನ್ನು ನಿಲ್ಲಿಸಿ, ಬ್ಲೋಅರನ್ನಷ್ಟೆ ಓಡಿಸಿ ಊದುಬತ್ತಿಯೊಂದನ್ನು ಹಲ್ಲಿನ ಸಂದಿಯಿಂದ ಒಂದು ಗೇಣು ದೂರದಲ್ಲಿ ಹಿಡಿಯಿರಿ. ಕಿಡಿ ಒಳಸೇರದಂತೆ ನೋಡಿಕೊಳ್ಳಿ. ಹೊಗೆ ಒಳಗೆ ಹರಿದರೆ ಸೆಳೆತ ಉಂಟು. ಕೊಯ್ದ ಬಳಿಕ ರಾತ್ರಿ ದೀಪವಾರಿಸಿ ಬ್ಯಾಟರಿಯ ಬೆಳಕನ್ನು ಓರೆಯಾಗಿ ಬಿಡಿ. ಆ ಕೋಲಿನಲ್ಲಿ ಕಂಡಷ್ಟು ನಿಮ್ಮ ಯಂತ್ರ ಬಿಟ್ಟದ್ದು.

ಯಂತ್ರ ಮಾಡಲಾರದ್ದು

ಎಷ್ಟು ಹೀರಿದರೂ ಒಂದಿಷ್ಟು ಉಳಿಯುತ್ತದೆ. ಅದಕ್ಕೆ ಮುಖವಾಡ ಬೇಕು. ಹೆಗಲ ಮೇಲಿನ ಟವಲು ಸಾಲದು. 2020ರ ಮಹಾಮಾರಿಯ ದಿನಗಳಲ್ಲಿ ಮನೆಮನೆಗೂ ಪರಿಚಯವಾದ ಎನ್-95 ಮುಖವಾಡವೇ ಇಲ್ಲಿಯೂ ಸರಿಯಾದದ್ದು. ಗಡ್ಡವಿದ್ದವರಿಗೆ ಅದು ಅಂಚಿನಲ್ಲಿ ಸೋರುತ್ತದೆ. ಯಂತ್ರ ನಿಂತೊಡನೆ ಮುಖವಾಡ ತೆಗೆಯಕೂಡದು, ಕಣಗಳು ನಿಂತಿರುವುದಿಲ್ಲ. ಒಣ ಪೊರಕೆಯ ಬದಲು ಒದ್ದೆ ಬಟ್ಟೆ ಮೇಲು. ಮೈಮೇಲಿನ ಧೂಳನ್ನು ಗಾಳಿ ಊದಿ ಕೊಡವುವುದು ಕೆಟ್ಟ ಚಾಳಿ. ಕೆಲಸದ ಅಂಗಿಯನ್ನು ಪಡಸಾಲೆಯಲ್ಲಿಯೇ ಕಳಚಿ, ಕೈಕಾಲು ತೊಳೆದು, ಆಮೇಲೆ ಮಗುವನ್ನೆತ್ತಿಕೊಳ್ಳಬೇಕು.

ಬೆಂಕಿಯ ಎಚ್ಚರವೂ ಅಗತ್ಯ. ಗಾಳಿಯಲ್ಲಿ ದಟ್ಟವಾಗಿ ತೇಲುವ ಮರದ ಹಿಟ್ಟು ಕಿಡಿ ತಾಗಿದರೆ ಭಗ್ಗೆಂದು ಹೊತ್ತುತ್ತದೆ. ಕಬ್ಬಿಣ ಸಾಣೆ ಹಿಡಿಯುವಾಗಿನ ಕಿಡಿಗಳನ್ನು ಅದೇ ಕೊಳವೆಗೆ ಬಿಡಬಾರದು. ಡಬ್ಬಿಯನ್ನು ದಿನವೂ ಬರಿದುಮಾಡಬೇಕು. ಶುದ್ಧ ಮರದ ಹೊಟ್ಟನ್ನು ಹೊಟ್ಟಿನ ಒಲೆಗೆ ಬಳಸಬಹುದು. ಪ್ಲೈವುಡ್ಡು, ಎಂ.ಡಿ.ಎಫ್. ಹೊಟ್ಟು ಮಾತ್ರ ಒಲೆಗೆ ಬೇಡ. ಅದರ ಅಂಟು ಉರಿದಾಗ ಏಳುವ ಹೊಗೆ ಒಳ್ಳೆಯದಲ್ಲ.

ಪೇಟೆಯ ಓದುಗರು ಇದು ತಮಗೆ ಸಂಬಂಧವಿಲ್ಲದ ಮಾತೆಂದು ಪುಟ ತಿರುವದಿರಲಿ. ಹೊಸ ಮನೆಯ ಕಪಾಟುಗಳನ್ನು ಮಾಡಲು ಬಂದ ಬಡಿಗರು ಮಲಗುವ ಕೋಣೆಯಲ್ಲಿಯೇ ಗರಗಸ ಹೂಡುವುದು ಎಲ್ಲ ಊರುಗಳಲ್ಲಿಯೂ ಇದ್ದದ್ದೇ. ಕೊಯ್ಯುವ ಕೆಲಸಕ್ಕೆ ಬಾಲ್ಕನಿಯನ್ನೋ ಮಾಳಿಗೆಯನ್ನೋ ಬಿಟ್ಟುಕೊಡಿ. ಉಳಿದ ಕೋಣೆಗಳ ಬಾಗಿಲ ಸಂದಿಗಳನ್ನು ಮುಚ್ಚಿರಿ. ಉಬ್ಬಸವಿರುವ ಹಿರಿಯರನ್ನೂ ಎಳೆಯ ಮಕ್ಕಳನ್ನೂ ಆ ದಿನಗಳಲ್ಲಿ ಬೇರೆಡೆ ಇರಿಸಿರಿ. ಕೆಲಸದವರಿಗೂ ಮುಖವಾಡ ಕೊಡಿಸಿರಿ. ನೀವು ಒಂದು ತಿಂಗಳು ಉಸಿರಾಡುವುದನ್ನು ಅವರು ಜೀವಮಾನವೆಲ್ಲ ಉಸಿರಾಡುತ್ತಾರೆ.

ಇನ್ನು ಭಾವನವರ ವಿಷಯ. ವೈದ್ಯರಿಗೆ ತೋರಿಸಿದ್ದಾಯಿತು; ಉಬ್ಬಸವೆಂದು ತಿಳಿಯಿತು; ಸೇದುವ ಔಷಧ ನಡೆದಿದೆ. ಸೀನು ಬಹಳ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಸಾಗವಾನಿ ಕೊಯ್ಯುವ ದಿನ ಅವರು ಈಗಲೂ ದೂರ ನಿಲ್ಲುತ್ತಾರೆ. ಆ ದಿನ ಗರಗಸದ ಮುಂದೆ ನಿಲ್ಲುವವನು ಮಗ. ಮುಖವಾಡ ಕಟ್ಟಿ, ಮೊದಲು ಬ್ಲೋಅರ್ ಹಾಕಿ, ಆಮೇಲೆ ಗರಗಸದ ಗುಂಡಿ ಒತ್ತಬೇಕೆಂಬುದು ಅಕ್ಕನ ಕಟ್ಟಪ್ಪಣೆ. ಆ ಷರತ್ತಿನ ಮೇಲೆಯೇ ಅವಳು ಒಪ್ಪಿಗೆ ಕೊಟ್ಟದ್ದು.

ಕಳೆದ ಸಲ ನಾನು ಹೋದಾಗ ನಡುಮನೆಯ ಬಾಗಿಲು ಮುಚ್ಚಿತ್ತು. ಬೆಳಕಿಂಡಿಯ ಬಿಸಿಲು ಎಂದಿನಂತೆ ಇಳಿದಿತ್ತು. ಅದರಲ್ಲಿ ಕಣಗಳು ಇರಲಿಲ್ಲವೆಂದರೆ ಸುಳ್ಳಾದೀತು. ಅಲ್ಲೊಂದು ಇಲ್ಲೊಂದು ಇದ್ದವು. ರೊಟ್ಟಿಯ ಬುಟ್ಟಿ ಮಾತ್ರ ತೆರೆದಿತ್ತು.

“ಬಟ್ಟೀ ಹೊಚ್ಚಿಲ್ಲಲ್ಲ ಅಕ್ಕಾ?” ಎಂದೆ.

“ಬಿಸಿ ಅವ, ಆರಲಿ ಬಿಡು” ಎಂದಳು, ನನ್ನ ತಟ್ಟೆಗೆ ಎರಡು ರೊಟ್ಟಿ ಹಾಕುತ್ತ.